ಸ್ಟೋರೇಜ್ ಕಂಟ್ರೋಲರ್ ಡ್ರೈವರ್ ತೆಗೆಯುವ ಕ್ರಮ

ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಗೂ ಕಂಪ್ಯೂಟರಿನ ಉಳಿದ ಭಾಗಕ್ಕೂ ನಡುವೆ ನಿಂತು ಮಾಹಿತಿಯ ಸಾಗಾಟ ನೋಡಿಕೊಳ್ಳುವ ಚಿಪ್ಪೇ ಸ್ಟೋರೇಜ್ ಕಂಟ್ರೋಲರ್. ಅದರೊಂದಿಗೆ ವ್ಯವಹರಿಸಲು ಆಪರೇಟಿಂಗ್ ಸಿಸ್ಟಮ್ ಇಟ್ಟುಕೊಂಡಿರುವ ಪುಟ್ಟ ತಂತ್ರಾಂಶ ಅದರ ಡ್ರೈವರ್. ಪ್ರಿಂಟರಿನ ಡ್ರೈವರ್ ತೆಗೆದರೆ ಪ್ರಿಂಟ್ ಬರುವುದಿಲ್ಲ, ಸೌಂಡಿನದನ್ನು ತೆಗೆದರೆ ಹಾಡು ಕೇಳಿಸುವುದಿಲ್ಲ. ಎರಡನ್ನೂ ಹತ್ತು ನಿಮಿಷದಲ್ಲಿ ಮತ್ತೆ ಹಾಕಿಕೊಳ್ಳಬಹುದು. ಸ್ಟೋರೇಜ್ ಡ್ರೈವರನ್ನು ಹಾಗೆ ಕಿತ್ತರೆ ಕೂತ ಕೊಂಬೆಯನ್ನೇ ಕಡಿದಂತಾಗುತ್ತದೆ, ಏಕೆಂದರೆ ಮತ್ತೆ ಹಾಕಿಕೊಳ್ಳಬೇಕಾದ ವಿಂಡೋಸೇ ಮೇಲೇಳುವುದಿಲ್ಲ. ಹಾಗಾಗಿ ಇಲ್ಲಿ ತೆಗೆಯುವ ಕೆಲಸವೆಲ್ಲ ನಿಜವಾಗಿ ಬದಲಿಸುವ ಕೆಲಸ. ನಾಳೆ ಡಿಸ್ಕ್ ಓದಬೇಕಾದ ಡ್ರೈವರ್ ಮೊದಲು ಅಣಿಯಾಗಬೇಕು, ಹಳೆಯದು ಆಮೇಲೆ ಹೋಗಬೇಕು.

ಕಂಪ್ಯೂಟರ್ ಆನ್ ಮಾಡಿದ ಮೊದಲ ಕೆಲವು ಕ್ಷಣ ಡಿಸ್ಕ್ ಓದುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡಿನ ಫರ್ಮ್‌ವೇರ್. ಯುಇಎಫ್‌ಐ ಬಂದು ಎಷ್ಟೋ ವರ್ಷವಾದರೂ ಜನರ ಬಾಯಲ್ಲಿ ಅದಿನ್ನೂ ಬಯೋಸ್. ಅದರ ನೆರವಿನಿಂದ ವಿನ್‌ಲೋಡ್ ಎಂಬ ಪ್ರೋಗ್ರಾಮು ಕರ್ನೆಲ್ಲನ್ನೂ ರಿಜಿಸ್ಟ್ರಿಯ ಸಿಸ್ಟಮ್ ಭಾಗವನ್ನೂ ಮೆಮೊರಿಗೆ ತರುತ್ತದೆ. ಜೊತೆಗೆ, ರಿಜಿಸ್ಟ್ರಿಯಲ್ಲಿ 'ಸ್ಟಾರ್ಟ್' ಎಂಬುದರ ಮುಂದೆ 0 ಎಂದು ನಮೂದಾಗಿರುವ ಡ್ರೈವರುಗಳನ್ನೂ ಎಳೆದುಕೊಳ್ಳುತ್ತದೆ. ಅಲ್ಲಿಗೆ ಫರ್ಮ್‌ವೇರಿನ ಪಾತ್ರ ಮುಗಿಯಿತು. ಮುಂದೆ ಕರ್ನೆಲ್ ತನ್ನ ಡ್ರೈವರಿನಿಂದಲೇ ಡಿಸ್ಕ್ ಓದಬೇಕು. ಆ 0 ಇರಬೇಕಾದ ಕಡೆ 3 ಇದ್ದರೆ, 'ಬೇಕಾದಾಗ ತಂದುಕೋ' ಎಂದರ್ಥ. ಬೇಕಾದಾಗ ತರೋಣವೆಂದರೆ ಡ್ರೈವರ್ ಇರುವುದು ಕಾಣದ ಡಿಸ್ಕಿನಲ್ಲೇ! ಆಗ ಬರುವುದೇ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂಬ ನೀಲಿ ಪರದೆ. ರಿಪೇರಿಯವರ ಭಾಷೆಯಲ್ಲಿ ಅದು ಬರೀ '7ಬಿ'. ಫೋಟೋ, ಕಡತ, ಲೆಕ್ಕಪತ್ರ ಎಲ್ಲವೂ ಡಿಸ್ಕಿನಲ್ಲಿ ಇದ್ದಲ್ಲೇ ಇರುತ್ತವೆ, ಓದುವವರು ಇಲ್ಲ ಅಷ್ಟೆ. ಇದು ತಿಳಿಯದೆ ಗಾಬರಿಯಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿದರೆ ಡ್ರೈವರ್ ಮಾಡದ ನಷ್ಟವನ್ನು ಮನುಷ್ಯರೇ ಮಾಡಿಕೊಂಡಂತೆ.

ಈ ತೊಂದರೆಗೆ ಹಳೆಯ ಇತಿಹಾಸವಿದೆ. ವಿಂಡೋಸ್ ಎಕ್ಸ್‌ಪಿ ಹಾಕುವಾಗ ಎಫ್6 ಒತ್ತಿ, ಕಂಟ್ರೋಲರಿನ ಡ್ರೈವರನ್ನು ಫ್ಲಾಪಿಯಿಂದ ಕೊಡಬೇಕಿತ್ತು. ಎಎಚ್‌ಸಿಐ ಎಂಬ ಸಾಮಾನ್ಯ ಮಾನದಂಡ 2004ರಲ್ಲೇ ಬಂದಿದ್ದರೂ ಅದಕ್ಕೆ ಬೇಕಾದ ಡ್ರೈವರ್ ವಿಂಡೋಸಿನೊಳಗೇ ಸೇರಿದ್ದು ವಿಸ್ಟಾದಲ್ಲಿ. ವಿಂಡೋಸ್ 7 ಬಳಸಿದ ಅನೇಕರು 7ಬಿಯನ್ನು ಕಂಡದ್ದು ಆಮೇಲೆ: ಹಳೆಯ ಐಡಿಇ ಮೋಡಿನಲ್ಲಿ ವಿಂಡೋಸ್ ಹಾಕಿಸಿ, ವೇಗ ಹೆಚ್ಚಲಿ ಎಂದು ಬಯೋಸಿನಲ್ಲಿ ಎಎಚ್‌ಸಿಐ ಆರಿಸಿದ ಗಳಿಗೆಯಲ್ಲಿ. ಡ್ರೈವರ್ ಒಳಗೆ ಇತ್ತು, ಆದರೆ ಸ್ಟಾರ್ಟ್ 3ರಲ್ಲಿ ಮಲಗಿತ್ತು. ಮೊದಲೇ ರಿಜಿಸ್ಟ್ರಿಗೆ ಹೋಗಿ 3ನ್ನು 0 ಮಾಡಿ, ಆಮೇಲೆ ಬಯೋಸ್ ಬದಲಿಸಿ ಎಂದು ಮೈಕ್ರೋಸಾಫ್ಟೇ ಸೂಚನೆ ಕೊಟ್ಟಿತ್ತು. ವಿಂಡೋಸ್ 8.1ರಿಂದ, ವೇಗದ ಹೊಸ ಬಗೆಯ ಎಸ್‌ಎಸ್‌ಡಿಗಳಿಗೆ ಬೇಕಾದ ಎನ್‌ವಿಎಂಇ ಡ್ರೈವರ್ ಕೂಡ ಒಳಗೇ ಬಂದದ್ದರಿಂದ ಇಂದಿನ ಹೆಚ್ಚಿನ ಮನೆ ಕಂಪ್ಯೂಟರುಗಳಿಗೆ ಬೇರೆ ಕಂಪನಿಯ ಸ್ಟೋರೇಜ್ ಡ್ರೈವರ್ ಅನಿವಾರ್ಯವಲ್ಲ.

ಹಾಗಿದ್ದೂ ಅವು ಬಂದು ಕೂತಿರುತ್ತವೆ. ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ, ಅಂದರೆ ಆರ್‌ಎಸ್‌ಟಿ, ಇವುಗಳಲ್ಲಿ ಹೆಚ್ಚು ಪರಿಚಿತ. ತೆಗೆಯಬೇಕೆಂಬ ಯೋಚನೆ ಹುಟ್ಟುವುದು ಡಿಸ್ಕ್ ಬದಲಿಸಿದಾಗ, ಕೋರ್ ಐಸೊಲೇಶನ್ ಎಂಬ ವಿಂಡೋಸಿನ ಭದ್ರತಾ ಸೌಲಭ್ಯ ಹಳೆಯ ಡ್ರೈವರನ್ನು ಒಪ್ಪದಿದ್ದಾಗ ಅಥವಾ ಡ್ರೈವರ್ ವಿಂಡೋಸ್ ಅಪ್‌ಡೇಟಿಗೆ ಅಡ್ಡಿಯಾದಾಗ. 2019ರ ವಿಂಡೋಸ್ 10 ಅಪ್‌ಡೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಆರ್‌ಎಸ್‌ಟಿ ಡ್ರೈವರಿನ 15.1.0.1002ರಿಂದ 15.5.2.1053ರವರೆಗಿನ ಆವೃತ್ತಿಗಳಿದ್ದ ಯಂತ್ರಗಳಿಗೆ ಮೈಕ್ರೋಸಾಫ್ಟ್ ಆ ಅಪ್‌ಡೇಟನ್ನೇ ತಡೆಹಿಡಿಯಿತು. ಆದರೆ ಅದಕ್ಕೆ ಸೂಚಿಸಿದ ಪರಿಹಾರ ಡ್ರೈವರನ್ನು ಕಿತ್ತುಹಾಕುವುದಲ್ಲ, ಹೊಸ ಆವೃತ್ತಿಗೆ ಏರುವುದಾಗಿತ್ತು. ತೆಗೆಯಲೇಬೇಕು ಎಂದುಕೊಂಡು ಹೊರಟ ಅನೇಕರಿಗೆ ಅಷ್ಟೇ ಸಾಕಾಗುತ್ತದೆ.

ವಿಂಡೋಸ್ ಇರುವ ಡಿಸ್ಕ್, ಡ್ರೈವರ್ ತೆಗೆಯಬೇಕಾದ ಕಂಟ್ರೋಲರಿಗೆ ಸೇರಿಲ್ಲದಿದ್ದರೆ ಹೆದರಿಕೆಯೇ ಬೇಡ. 2006ರಲ್ಲಿ ಇಂಟೆಲ್ ತನ್ನ ಐಸಿಎಚ್8 ಚಿಪ್‌ಸೆಟ್ಟಿನಿಂದ ಐಡಿಇ ಪೋರ್ಟನ್ನು ಕೈಬಿಟ್ಟಾಗ ಮದರ್‌ಬೋರ್ಡ್ ತಯಾರಕರು ಹಳೆಯ ಡಿವಿಡಿ ಡ್ರೈವ್‌ಗಾಗಿ ಜೆಮೈಕ್ರಾನ್‌ನಂಥ ಕಂಪನಿಗಳ ಚಿಪ್ ಕೂರಿಸಿದರು. ಮುಂದೆ ಹೆಚ್ಚುವರಿ ಸಾಟಾ ಪೋರ್ಟುಗಳಿಗೆಂದು ಮಾರ್ವೆಲ್, ಎಎಸ್‌ಮೀಡಿಯಾ ಚಿಪ್‌ಗಳೂ ಬಂದವು. ಬೂಟ್ ಡಿಸ್ಕ್ ಅವುಗಳಿಗೆ ತಗುಲಿಲ್ಲ ಎಂದು ಡಿವೈಸ್ ಮ್ಯಾನೇಜರಿನಲ್ಲಿ 'ವ್ಯೂ' ಪಟ್ಟಿಯ 'ಡಿವೈಸಸ್ ಬೈ ಕನೆಕ್ಷನ್' ಆರಿಸಿ ಖಚಿತಪಡಿಸಿಕೊಂಡರೆ, ಉಳಿದದ್ದು ಮಾಮೂಲಿ ಅನ್‌ಇನ್‌ಸ್ಟಾಲ್.

ನಿಜವಾದ ಕೆಲಸ ಇರುವುದು ಬೂಟ್ ಡಿಸ್ಕಿನ ಡ್ರೈವರಿನಲ್ಲಿ. ಇಂಟೆಲ್ 11ನೇ ತಲೆಮಾರಿನ ನಂತರದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಎಸ್‌ಎಸ್‌ಡಿ ನೇರವಾಗಿ ಕಾಣದೆ ವಿಎಂಡಿ ಎಂಬ ಪದರದ ಹಿಂದಿರುತ್ತದೆ, ಅದಕ್ಕೆ ಆರ್‌ಎಸ್‌ಟಿ ಡ್ರೈವರ್ ಬೇಕು. ಇಂಥ ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಲು ಕೂತವರಿಗೆ ಸೆಟಪ್ಪಿನಲ್ಲಿ ಡಿಸ್ಕೇ ಕಾಣದಿರುವುದಕ್ಕೂ ಇದೇ ಕಾರಣ. ಆರ್‌ಎಸ್‌ಟಿಯಿಂದ ವಿಂಡೋಸಿನ ಸ್ವಂತ ಎನ್‌ವಿಎಂಇ ಡ್ರೈವರಿಗೆ ಬರಬೇಕಾದರೆ ಬ್ಯಾಕಪ್ ಆದ ಮೇಲೆ ನೋಡಬೇಕಾದದ್ದು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್. ಬಯೋಸಿನ ಸೆಟ್ಟಿಂಗ್ ಬದಲಾದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟು ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಬೇಕು. ಇಲ್ಲೊಂದು ಸೂಕ್ಷ್ಮವಿದೆ: ಸಾಮಾನ್ಯ ಸಸ್ಪೆಂಡ್ ಒಂದೇ ರೀಸ್ಟಾರ್ಟಿನವರೆಗೆ, ಈ ಕೆಲಸಕ್ಕೋ ಎರಡು-ಮೂರು ರೀಸ್ಟಾರ್ಟ್ ಬೇಕು. ಪವರ್‌ಶೆಲ್‌ನಲ್ಲಿ ರೀಬೂಟ್ ಕೌಂಟ್ 0 ಎಂದು ಕೊಟ್ಟರೆ, ತಾವಾಗಿ ಮತ್ತೆ ಆನ್ ಮಾಡುವವರೆಗೂ ಅದು ಸುಮ್ಮನಿರುತ್ತದೆ.

ಮುಂದೆ ಎಂಎಸ್‌ಕಾನ್ಫಿಗ್‌ನ ಬೂಟ್ ಪುಟದಲ್ಲಿ 'ಸೇಫ್ ಬೂಟ್'ಗೆ ಟಿಕ್ ಹಾಕಿ ರೀಸ್ಟಾರ್ಟ್. ವಿಂಡೋಸ್ ಮೇಲೇಳುವ ಮುನ್ನವೇ ಬಯೋಸ್ ಹೊಕ್ಕು ವಿಎಂಡಿಯನ್ನು ಆಫ್ ಮಾಡಬೇಕು. ಕೆಲವು ತಯಾರಕರು ಈ ಆಯ್ಕೆಯನ್ನು ಅಡಗಿಸಿಟ್ಟಿರುತ್ತಾರೆ. ಏಸರ್‌ನ ಹಲವು ಮಾದರಿಗಳಲ್ಲಿ ಬಯೋಸಿನ ಮುಖ್ಯ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಕೀ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕಾಣುತ್ತದೆ. ಸೇಫ್ ಮೋಡಿನಲ್ಲಿ ವಿಂಡೋಸ್ ತನ್ನ ಮೂಲ ಸ್ಟೋರೇಜ್ ಡ್ರೈವರುಗಳನ್ನು ಆರಂಭದಲ್ಲೇ ತಂದುಕೊಳ್ಳುವುದರಿಂದ ಎಸ್‌ಎಸ್‌ಡಿ ಸಿಕ್ಕಿಬಿಡುತ್ತದೆ. ಆಮೇಲೆ ಎಂಎಸ್‌ಕಾನ್ಫಿಗ್‌ನ ಟಿಕ್ ತೆಗೆದು ಮಾಮೂಲಿಯಾಗಿ ಬೂಟ್ ಮಾಡಿದಾಗಲೂ ಅದೇ ಡ್ರೈವರ್ ಮುಂದುವರಿಯುತ್ತದೆ. ಸೇಫ್ ಮೋಡಿನಲ್ಲಿ ಪಿನ್ ನಡೆಯದೆ ಇರಬಹುದು, ಪಾಸ್‌ವರ್ಡ್ ನೆನಪಿರುವುದು ಒಳ್ಳೆಯದು. ಡಿವೈಸ್ ಮ್ಯಾನೇಜರಿನಲ್ಲಿ 'ಸ್ಟ್ಯಾಂಡರ್ಡ್ ಎನ್‌ವಿಎಂ ಎಕ್ಸ್‌ಪ್ರೆಸ್ ಕಂಟ್ರೋಲರ್' ಎಂಬ ಸಾಲು ಕಂಡರೆ ಬದಲಾವಣೆ ಆಗಿದೆ ಎಂದರ್ಥ. ಹಳೆಯ ಡ್ರೈವರನ್ನು ಮುಟ್ಟುವುದು ಈ ಸಾಲು ಕಂಡ ಮೇಲೆಯೇ.

'ಆಪ್ಸ್' ಪಟ್ಟಿಗೆ ಹೋಗಿ ಇಂಟೆಲ್‌ನ ಆಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಕಿಟಕಿ, ಬಟನ್ನುಗಳು ಹೋಗುತ್ತವೆ. ಡ್ರೈವರ್ ಪ್ಯಾಕೇಜ್ ಮಾತ್ರ 'ಡ್ರೈವರ್ ಸ್ಟೋರ್' ಎಂಬ ಫೋಲ್ಡರಿನಲ್ಲಿ ಉಳಿದೇ ಇರುತ್ತದೆ. ಅದನ್ನು ತೆಗೆಯುವ ಕಮಾಂಡ್ ಪಿಎನ್‌ಪಿಯುಟಿಲ್. ಪಟ್ಟಿ ತರಿಸಿದರೆ ಹೊರಗಿನಿಂದ ಬಂದ ಪ್ರತಿ ಪ್ಯಾಕೇಜಿಗೂ 'ಒಇಎಂ' ಜೊತೆಗೊಂದು ಸಂಖ್ಯೆ ಇರುತ್ತದೆ. ಕಂಪನಿ, ಆವೃತ್ತಿ, ದಿನಾಂಕ ನೋಡಿಕೊಂಡು ಡಿಲೀಟ್ ಮಾಡಬೇಕು. ಬಳಕೆಯಲ್ಲಿರುವ ಪ್ಯಾಕೇಜನ್ನು ಪಿಎನ್‌ಪಿಯುಟಿಲ್ ಅಳಿಸುವುದಿಲ್ಲ ಎನ್ನುತ್ತದೆ. 'ಫೋರ್ಸ್' ಸೇರಿಸಿದರೆ ಮರುಮಾತಿಲ್ಲದೆ ಅಳಿಸುತ್ತದೆ, ಅಪಾಯವಿರುವುದೂ ಅಲ್ಲೇ. ಪಿಎನ್‌ಪಿಯುಟಿಲ್ ಬೇಡವೆಂದರೆ ಏಕೆ ಬೇಡವೆನ್ನುತ್ತಿದೆ ಎಂದು ಹುಡುಕುವುದು ಮೇಲು. ಅನೇಕ ಸಲ 'ಶೋ ಹಿಡನ್ ಡಿವೈಸಸ್' ಆರಿಸಿದರೆ ಮಸುಕಾಗಿ ಕಾಣುವ ಹಳೆಯ ಕಂಟ್ರೋಲರಿನ ನಮೂದೊಂದು ಅದನ್ನು ಹಿಡಿದುಕೊಂಡಿರುತ್ತದೆ. ಹಳೆಯ ಡ್ರೈವರುಗಳನ್ನು ಒಂದೇ ಕ್ಲಿಕ್ಕಿಗೆ ಗುಡಿಸುತ್ತೇವೆ ಎನ್ನುವ ಕ್ಲೀನರ್ ಆಪುಗಳನ್ನು ಈ ಕೆಲಸಕ್ಕೆ ಹಚ್ಚಬಾರದು.

ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ರೇಯ್ಡ್ ಇದ್ದರೆ ಇಷ್ಟೆಲ್ಲದಕ್ಕೂ ಮೊದಲೇ ನಿಲ್ಲಬೇಕು. ಆರ್‌ಎಸ್‌ಟಿಯಲ್ಲಿ ಎರಡು ಡಿಸ್ಕ್ ಸೇರಿಸಿ ರೇಯ್ಡ್ 0 ಮಾಡಿದ್ದರೆ ಪ್ರತಿ ಕಡತವೂ ಚೂರುಚೂರಾಗಿ ಎರಡರಲ್ಲೂ ಹಂಚಿಹೋಗಿರುತ್ತದೆ. ಮೋಡ್ ಬದಲಿಸಿದೊಡನೆ ವಿಂಡೋಸಿಗೆ ಅವು ಅರ್ಥವಿಲ್ಲದ ಎರಡು ಡಿಸ್ಕ್‌ಗಳು. ಡಿಸ್ಕ್ ಮ್ಯಾನೇಜ್‌ಮೆಂಟ್ 'ಇನಿಶಿಯಲೈಸ್ ಮಾಡಲೇ?' ಎಂದು ಕೇಳಿದಾಗ ಹೂಂ ಎಂದವರ ಕಷ್ಟ ಇಮ್ಮಡಿಯಾಗುತ್ತದೆ. ರೇಯ್ಡ್ 1ರಲ್ಲಿ ಪೂರ್ತಿ ಪ್ರತಿ ಎರಡರಲ್ಲೂ ಇರುವುದರಿಂದ ಅಷ್ಟು ಭಯವಿಲ್ಲ. ಡಿಸ್ಕಿಗೆ ಕ್ಯಾಶ್ ಆಗಿ ಕೆಲಸ ಮಾಡುವ ಆಪ್ಟೇನ್ ಮೆಮೊರಿ ಇದ್ದ ಯಂತ್ರಗಳಲ್ಲಿ ಇಂಟೆಲ್‌ನ ಆಪ್‌ನಲ್ಲೇ ಅದನ್ನು ಮೊದಲು ಡಿಸೇಬಲ್ ಮಾಡಬೇಕು, ಇಲ್ಲವಾದರೆ ಕ್ಯಾಶ್‌ನಲ್ಲಿ ಉಳಿದ ಮಾಹಿತಿ ಡಿಸ್ಕಿಗೆ ಇಳಿದೇ ಇರುವುದಿಲ್ಲ. ಇಂಟೆಲ್ 2022ರಲ್ಲಿ ಆಪ್ಟೇನ್ ವ್ಯವಹಾರ ಮುಚ್ಚುವುದಾಗಿ ಪ್ರಕಟಿಸಿತಾದರೂ ಆ ಲ್ಯಾಪ್‌ಟಾಪುಗಳು ಇನ್ನೂ ಓಡಾಡುತ್ತಿವೆ.

ಸರ್ವರ್ ನೋಡಿಕೊಳ್ಳುವವರಿಗೆ ಇದೇ ನಿಯಮ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ಹಳೆಯ ಸರ್ವರಿನ ವಿಂಡೋಸನ್ನು ಕೆವಿಎಂ ವರ್ಚುವಲ್ ಯಂತ್ರಕ್ಕೆ ಸಾಗಿಸಿ ಡಿಸ್ಕನ್ನು ನೇರವಾಗಿ ವರ್ಟಿಯೋ ಎಂಬ ವರ್ಚುವಲ್ ಕಂಟ್ರೋಲರಿಗೆ ಜೋಡಿಸಿದರೆ 7ಬಿ ಕಾದಿರುತ್ತದೆ. ಬಲ್ಲವರು ಬೂಟ್ ಡಿಸ್ಕನ್ನು ಮೊದಲು ಐಡಿಇಯಲ್ಲೋ ಸಾಟಾದಲ್ಲೋ ಬಿಟ್ಟು, 1 ಜಿಬಿಯ ಖಾಲಿ ಡಿಸ್ಕೊಂದನ್ನು ವರ್ಟಿಯೋದಲ್ಲಿ ಸೇರಿಸಿ ಡ್ರೈವರ್ ಹಾಕುತ್ತಾರೆ. ವಿಂಡೋಸ್ ಆ ಖಾಲಿ ಡಿಸ್ಕನ್ನು ಗುರುತಿಸಿದ ಮೇಲಷ್ಟೇ ಬೂಟ್ ಡಿಸ್ಕ್ ಕಡೆ ಕೈಹಾಕುವುದು. ಲಿನಕ್ಸ್ ಒಂದು ವಿಷಯದಲ್ಲಿ ದಯಾಳು: ಬಳಕೆಯಲ್ಲಿರುವ ಡ್ರೈವರ್ ಮಾಡ್ಯೂಲನ್ನು ಇಳಿಸಲು ಹೋದರೆ ಕರ್ನೆಲ್ ಬಿಡುವುದಿಲ್ಲ. ಆದರೆ ರೆಡ್ ಹ್ಯಾಟ್‌ನಂಥ ವಿತರಣೆಗಳಲ್ಲಿ ಬೂಟಿನ ಆರಂಭದಲ್ಲಿ ಮೆಮೊರಿಗೆ ಬರುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಗಂಟು ಆ ಯಂತ್ರಕ್ಕೆ ಬೇಕಾದ ಡ್ರೈವರುಗಳನ್ನು ಮಾತ್ರ ಕಟ್ಟಿಕೊಂಡಿರುವುದರಿಂದ ಕಂಟ್ರೋಲರ್ ಕಾರ್ಡ್ ಬದಲಾದರೆ ಅಲ್ಲೂ ಬೂಟ್ ನಿಲ್ಲುತ್ತದೆ. ಬೂಟ್ ಮೆನುವಿನಲ್ಲಿರುವ 'ರೆಸ್ಕ್ಯೂ' ಸಾಲು ಬಹುತೇಕ ಎಲ್ಲ ಡ್ರೈವರುಗಳನ್ನೂ ಹೊತ್ತಿರುತ್ತದೆ. ಅದರಿಂದ ಒಳಗೆ ಹೋಗಿ ಡ್ರಾಕಟ್ ಎಂಬ ಕಮಾಂಡಿನ ಮೂಲಕ ಇನಿಟ್‌ರಾಮ್‌ಎಫ್‌ಎಸ್ಸನ್ನು ಮತ್ತೆ ಕಟ್ಟಬೇಕು.

ಎಡವಟ್ಟಾಗಿ 7ಬಿ ಬಂದೇಬಿಟ್ಟರೆ ಮೊದಲು ಬಯೋಸಿನ ಸೆಟ್ಟಿಂಗನ್ನು ಹಿಂದಿದ್ದಂತೆಯೇ ಇಡುವುದು. ಹಳೆಯ ಡ್ರೈವರ್ ಇನ್ನೂ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಡ್ರೈವರೂ ಹೋಗಿದ್ದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಆರ್‌ವಿಲೋಡ್ ಬಳಸಿ ಡಿಸ್ಕ್ ಕಾಣುವಂತೆ ಮಾಡಿ, ಡಿಸ್ಮ್ ಕಮಾಂಡಿನಿಂದ ಆ ಮಲಗಿರುವ ವಿಂಡೋಸಿಗೆ ಡ್ರೈವರ್ ಸೇರಿಸಬಹುದು. ಅಲ್ಲಿ ಡ್ರೈವ್ ಅಕ್ಷರಗಳು ಅದಲುಬದಲಾಗಿ ಸಿ ಡ್ರೈವ್ ಡಿ ಆಗಿರುವುದುಂಟು, ನೋಡಿಕೊಂಡು ಟೈಪಿಸಬೇಕು. ಇನ್ನು ಕಂಪ್ಯೂಟರ್ ಪ್ರತಿ ಸಲ ಸೇಫ್ ಮೋಡಿಗೇ ಹೋಗುತ್ತಿದ್ದರೆ ಅದು ಡ್ರೈವರಿನ ದೋಷವಲ್ಲ, ಎಂಎಸ್‌ಕಾನ್ಫಿಗ್‌ನಲ್ಲಿ ಹಾಕಿದ ಟಿಕ್ ತೆಗೆದಿಲ್ಲ ಅಷ್ಟೆ.