ಫಿಫಾ ವಿಡಿಯೊ ಗೇಮ್ ಸರಣಿ: ಮೂರು ದಶಕಗಳ ಸುಧಾರಣೆಗಳು

ಫಿಫಾ ಎಂಬುದು ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ (ಇ.ಎ.) ಕಂಪನಿ ವರ್ಷಕ್ಕೊಂದರಂತೆ ಹೊರತರುವ ಫುಟ್‌ಬಾಲ್ ವಿಡಿಯೊ ಗೇಮ್ ಸರಣಿ. ಇದರ ಮುಖ್ಯ ಸ್ಟುಡಿಯೊ ಕೆನಡಾದ ಬರ್ನಬಿಯಲ್ಲಿದೆ. ಮೊದಲ ಆಟ 1993ರ ಡಿಸೆಂಬರ್‌ನಲ್ಲಿ ಬಂತು. 2022ರವರೆಗೆ ಅಂತರರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟದ ಹೆಸರು ಹೊತ್ತಿದ್ದ ಸರಣಿ 2023ರಿಂದ ‘ಇ.ಎ. ಸ್ಪೋರ್ಟ್ಸ್ ಎಫ್.ಸಿ.’ ಎಂಬ ಹೆಸರಿನಲ್ಲಿ ಮುಂದುವರಿದಿದೆ. 2021ರ ಹೊತ್ತಿಗೆ 32.5 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿ, ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕ್ರೀಡಾ ಗೇಮ್ ಸರಣಿ ಎನಿಸಿತು. 2021ರ ಆವೃತ್ತಿಯಲ್ಲಿ ಬೆಂಗಳೂರು ಎಫ್.ಸಿ. ಸೇರಿದಂತೆ ಇಂಡಿಯನ್ ಸೂಪರ್ ಲೀಗ್‌ನ ತಂಡಗಳು ಕಾಣಿಸಿಕೊಂಡವು.

ಪ್ರತಿ ವರ್ಷವೂ ಹೊಸದೊಂದು ಸುಧಾರಣೆಯ ಹೆಸರು ಹೇಳಿಕೊಂಡೇ ಆಟ ಮಾರುಕಟ್ಟೆಗೆ ಬರುತ್ತದೆ. ಆದರೆ ಆ ಸುಧಾರಣೆ ಯಾರ ಕೈಗೆ ಯಾವಾಗ ಸಿಕ್ಕಿತು ಎಂಬುದನ್ನು ನಿರ್ಧರಿಸಿದ್ದು ಅವರ ಮನೆಯಲ್ಲಿದ್ದ ಯಂತ್ರ. ಭಾರತದ ಬಹುಪಾಲು ಆಟಗಾರರಂತೆ ಕರಾವಳಿ ಕರ್ನಾಟಕದವರೂ ಮೊದಲು ಕಂಪ್ಯೂಟರ್‌ನಲ್ಲಿ, ಆಮೇಲೆ ಮೊಬೈಲ್‌ನಲ್ಲಿ ಇದನ್ನು ಆಡಿದರು. ಹಾಗಾಗಿ ಅವರು ಕಂಡ ಫಿಫಾದ ಇತಿಹಾಸ ಯುರೋಪಿನವರು ಕಂಡದ್ದಕ್ಕಿಂತ ತುಸು ಬೇರೆ.

ಆರಂಭ: 1993–2000

ಮೊದಲ ಆಟದ ಹೆಸರು ‘ಫಿಫಾ ಇಂಟರ್‌ನ್ಯಾಷನಲ್ ಸಾಕರ್’. ಆವರೆಗಿನ ಫುಟ್‌ಬಾಲ್ ಗೇಮ್‌ಗಳು ಮೈದಾನವನ್ನು ನೆತ್ತಿಯ ಮೇಲಿನಿಂದಲೋ ಒಂದು ಪಕ್ಕದಿಂದಲೋ ತೋರಿಸುತ್ತಿದ್ದವು. ಇದು ಓರೆಕೋನದಿಂದ ತೋರಿಸಿತು. ಗ್ಯಾಲರಿಯ ಮೂಲೆಯಲ್ಲಿ ಕುಳಿತು ನೋಡಿದಂತಹ ನೋಟ ಸಿಕ್ಕಿತು. ಇದ್ದದ್ದು ರಾಷ್ಟ್ರೀಯ ತಂಡಗಳು ಮಾತ್ರ, ಆಟಗಾರರ ಹೆಸರುಗಳೆಲ್ಲ ಕಾಲ್ಪನಿಕ. ‘ಫಿಫಾ 95’ರಲ್ಲಿ ಕ್ಲಬ್ ತಂಡಗಳು ಬಂದವು. ‘ಫಿಫಾ 96’ರಲ್ಲಿ ಆಟಗಾರರ ಜಾಗತಿಕ ಸಂಘವಾದ ಫಿಫ್‌ಪ್ರೊದ ಪರವಾನಗಿ ಪಡೆದು ನಿಜವಾದ ಹೆಸರುಗಳನ್ನು ಬಳಸಲಾಯಿತು. ಮುಂದೆ ಪ್ರತಿಸ್ಪರ್ಧಿಗಳನ್ನು ಹಿಂದಿಕ್ಕಲು ಇ.ಎ.ಗೆ ನೆರವಾದ ದೊಡ್ಡ ಬಲ ಈ ಪರವಾನಗಿಗಳೇ.

‘ಫಿಫಾ 97’ರಲ್ಲಿ ಚಪ್ಪಟೆ ಚಿತ್ರಗಳ ಬದಲು ಮೂರು ಆಯಾಮದ ಆಟಗಾರರು ಬಂದರು. ಅವರ ಚಲನೆಗಾಗಿ ಫ್ರಾನ್ಸಿನ ಆಟಗಾರ ಡೇವಿಡ್ ಜಿನೋಲಾ ಅವರ ಮೈಮೇಲೆ ಗುರುತುಗಳನ್ನು ಅಂಟಿಸಿ, ಅವರ ಓಟ, ಒದೆತಗಳನ್ನು ದಾಖಲಿಸಿಕೊಳ್ಳಲಾಯಿತು. ಮೋಷನ್ ಕ್ಯಾಪ್ಚರ್ ಎನ್ನುವ ಈ ವಿಧಾನದ ಸುತ್ತಲೇ ಮುಂದಿನ ಇಪ್ಪತ್ತೈದು ವರ್ಷಗಳ ಸುಧಾರಣೆಗಳು ಬೆಳೆದವು. 1997ರಲ್ಲಿ ಬಂದ ‘ಫಿಫಾ: ರೋಡ್ ಟು ವರ್ಲ್ಡ್ ಕಪ್ 98’ ಒಕ್ಕೂಟದಲ್ಲಿ ನೋಂದಾಯಿತವಾಗಿದ್ದ 172 ರಾಷ್ಟ್ರೀಯ ತಂಡಗಳನ್ನೂ ಒಳಗೊಂಡಿತ್ತು. ವಿಶ್ವಕಪ್ಪಿನ ಅಂಗಳ ಎಂದೂ ತುಳಿಯದ ದೇಶವನ್ನೂ ಅರ್ಹತಾ ಸುತ್ತಿನಿಂದ ಆಡಿಸಿ ಫೈನಲ್‌ಗೆ ಒಯ್ಯುವ ಅವಕಾಶ ಅದರಲ್ಲಿತ್ತು.

ಪೈಪೋಟಿ: 2001–2010

2001ರಲ್ಲಿ ಜಪಾನಿನ ಕೊನಾಮಿ ಕಂಪನಿಯ ‘ಪ್ರೊ ಎವಲ್ಯೂಷನ್ ಸಾಕರ್’ ಬಂತು. ಆಡುವವರ ಬಾಯಲ್ಲಿ ಅದು ‘ಪೆಸ್’. ಚೆಂಡಿನ ತೂಕ, ಪಾಸ್‌ನ ಹದ, ಆಟಗಾರನಿಂದ ಆಟಗಾರನಿಗೆ ಇರುವ ವ್ಯತ್ಯಾಸ ಇವುಗಳಲ್ಲಿ ಪೆಸ್ ಮುಂದಿತ್ತು. ಹೆಸರುಗಳ ವಿಷಯದಲ್ಲಿ ಮಾತ್ರ ಅದು ಬಡವಾಗಿತ್ತು: ಪರವಾನಗಿ ಇಲ್ಲದ್ದರಿಂದ ಲಿವರ್‌ಪೂಲ್ ತಂಡವನ್ನು ‘ಮರ್ಸಿಸೈಡ್ ರೆಡ್’, ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ‘ಮ್ಯಾನ್ ರೆಡ್’ ಎಂದು ಕರೆಯಬೇಕಾಗುತ್ತಿತ್ತು. ಚೆನ್ನಾಗಿ ಆಡಬೇಕೆಂದರೆ ಪೆಸ್, ಅಸಲಿ ತಂಡ ಬೇಕೆಂದರೆ ಫಿಫಾ ಎಂಬಂತಿತ್ತು ಆ ದಶಕದ ಸ್ಥಿತಿ.

ಈ ಪೈಪೋಟಿ ಫಿಫಾವನ್ನು ಬದಲಿಸಿತು. ‘ಫಿಫಾ 2004’ರಲ್ಲಿ ಚೆಂಡು ಕಾಲಲ್ಲಿಲ್ಲದ ಆಟಗಾರನನ್ನೂ ಓಡಿಸುವ ಸೌಲಭ್ಯ ಬಂತು, ‘ಫಿಫಾ 2005’ರಲ್ಲಿ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಬೇಕಾದತ್ತ ತಿರುಗಿಸಿಕೊಳ್ಳುವುದು ಸಾಧ್ಯವಾಯಿತು. ‘ಫಿಫಾ 08’ರಲ್ಲಿ ಇಡೀ ತಂಡದ ಬದಲು ಒಬ್ಬನೇ ಆಟಗಾರನಾಗಿ ಪಂದ್ಯವಿಡೀ ಆಡುವ ‘ಬಿ ಎ ಪ್ರೊ’ ಸೇರಿತು. ‘ಫಿಫಾ 10’ರ ಹೆಚ್ಚುಗಾರಿಕೆ 360 ಡಿಗ್ರಿ ಡ್ರಿಬ್ಲಿಂಗ್. ಅದಕ್ಕೂ ಮೊದಲು ಆಟಗಾರ ಎಂಟು ದಿಕ್ಕುಗಳಲ್ಲಿ ಮಾತ್ರ ತಿರುಗಬಲ್ಲವನಾಗಿದ್ದ. ಈಗ ಇಬ್ಬರು ಡಿಫೆಂಡರ್‌ಗಳ ನಡುವಿನ ಸಣ್ಣ ಸಂದಿಯನ್ನು ಹುಡುಕಿ ಚೆಂಡನ್ನು ನುಸುಳಿಸಬಹುದಾಯಿತು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದಲ್ಲಿ

ಕರಾವಳಿ ಕರ್ನಾಟಕದ ಈ ಮೂರು ತಾಲ್ಲೂಕುಗಳ ಆಟಗಳೆಂದರೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್; ನವೆಂಬರ್ ಬಂದರೆ ಕಂಬಳ. ಜಿಲ್ಲೆಯ ಫುಟ್‌ಬಾಲಿಗೆ ಮಂಗಳೂರು ನಗರವೇ ನೆಲೆ. ಒಳನಾಡಿನ ಹುಡುಗರಿಗೆ ಆರ್ಸೆನಲ್, ಬಾರ್ಸಿಲೋನಾ, ಇಂಟರ್ ಮಿಲಾನ್ ಪರಿಚಯವಾದದ್ದು ಒಂದು ಕಡೆ ಟಿ.ವಿ.ಯಿಂದ, ಇನ್ನೊಂದು ಕಡೆ ಈ ಆಟಗಳಿಂದ. 2000ದ ದಶಕದಲ್ಲಿ ಬಿ.ಸಿ.ರೋಡ್, ಉಜಿರೆ, ಮೂಡುಬಿದಿರೆಯಂತಹ ಕಾಲೇಜು ಊರುಗಳಲ್ಲಿ ಆಟ ಹರಡಿದ್ದು ಸೈಬರ್ ಸೆಂಟರ್, ಹಾಸ್ಟೆಲ್ ಕೋಣೆಗಳ ಕಂಪ್ಯೂಟರ್‌ಗಳ ಮೂಲಕ. ಗಲ್ಫ್‌ನಿಂದ ರಜೆಗೆ ಬಂದವರು ಪ್ಲೇಸ್ಟೇಷನ್ ತಂದ ಮನೆಗಳೂ ಇದ್ದವು, ಆದರೆ ಅವು ಕಡಿಮೆ.

ಕಂಪ್ಯೂಟರ್‌ನಲ್ಲಿ ಆಡುವವರ ಆಯುಧ ಕೀಬೋರ್ಡ್. ಬಲಗೈ ಬಾಣದ ಕೀಲಿಗಳ ಮೇಲೆ, ಎಡಗೈ ಅಕ್ಷರಗಳ ಮೇಲೆ: ಎಸ್ ಒತ್ತಿದರೆ ಪಾಸ್, ಡಿ ಒತ್ತಿದರೆ ಗೋಲಿನತ್ತ ಹೊಡೆತ, ಎ ಒತ್ತಿದರೆ ಎತ್ತರದ ಕ್ರಾಸ್, ಡಬ್ಲ್ಯೂ ಒತ್ತಿದರೆ ಡಿಫೆಂಡರ್‌ಗಳ ನಡುವೆ ಸೀಳುವ ಪಾಸ್, ಇ ಒತ್ತಿ ಹಿಡಿದರೆ ವೇಗದ ಓಟ. ಓರೆಯಾಗಿ ಓಡಲು ಬಾಣದ ಎರಡು ಕೀಲಿ, ವೇಗಕ್ಕೆ ಇನ್ನೊಂದು, ಹೊಡೆತಕ್ಕೆ ಮತ್ತೊಂದು. ಅಗ್ಗದ ಕೀಬೋರ್ಡ್‌ಗಳಲ್ಲಿ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಕೆಲವು ದಾಖಲಾಗುವುದಿಲ್ಲ. ಅದು ಅವುಗಳ ಒಳಗಿನ ತಂತಿ ಜಾಲದ ಮಿತಿ. ಗೋಲಿನ ಮುಂದೆ ನಿಂತು ಡಿ ಒತ್ತಿದರೂ ಆಟಗಾರ ಸುಮ್ಮನೆ ಓಡುತ್ತಲೇ ಇರುವುದಕ್ಕೆ ಬಹಳ ಸಲ ಇದೇ ಕಾರಣ.

360 ಡಿಗ್ರಿ ಡ್ರಿಬ್ಲಿಂಗ್ ಇವರಿಗೆ ಎರಡು ಕಾರಣಗಳಿಂದ ದಕ್ಕಲಿಲ್ಲ. ಒಂದು, ‘ಫಿಫಾ 10’ರ ಕಂಪ್ಯೂಟರ್ ಆವೃತ್ತಿ ಹಳೆಯ ಎಂಜಿನ್‌ನಲ್ಲೇ (ಆಟವನ್ನು ನಡೆಸುವ ಮೂಲ ತಂತ್ರಾಂಶ) ಇತ್ತು. ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ರ ಎಂಜಿನ್ ಕಂಪ್ಯೂಟರ್‌ಗೆ ಬಂದದ್ದು 2010ರ ‘ಫಿಫಾ 11’ರಲ್ಲಿ. ಎರಡು, ನಾಲ್ಕು ಬಾಣದ ಕೀಲಿಗಳಿಂದ ಹುಟ್ಟುವ ದಿಕ್ಕುಗಳು ಎಂಟೇ. ಹೊಸ ಎಂಜಿನ್ ಬಂದರೂ ಕೋಲು ತಿರುಗಿಸುವ ಗೇಮ್‌ಪ್ಯಾಡ್ ಕೊಳ್ಳದವರು ಹಳೆಯ ಎಂಟು ದಿಕ್ಕುಗಳಲ್ಲೇ ಓಡಬೇಕಾಯಿತು.

ಆಟವೇ ಬದಲಾದ ಕಾಲ: 2011–2020

ಸರಣಿಯಲ್ಲಿ ಆಡುವ ರೀತಿಯನ್ನೇ ಹೆಚ್ಚು ಬದಲಿಸಿದ್ದು 2011ರ ‘ಫಿಫಾ 12’. ಅದುವರೆಗೆ ಒಂದು ಗುಂಡಿ ಒತ್ತಿ ಹಿಡಿದರೆ ಸಾಕು, ನಮ್ಮ ಡಿಫೆಂಡರ್ ತಾನಾಗಿ ಎದುರಾಳಿಯ ಬೆನ್ನುಹತ್ತಿ ಚೆಂಡು ಕಸಿದು ತರುತ್ತಿದ್ದ. ‘ಟ್ಯಾಕ್ಟಿಕಲ್ ಡಿಫೆಂಡಿಂಗ್’ ಬಂದ ಮೇಲೆ ಗುಂಡಿ ಒತ್ತಿದರೆ ಆತ ಅಂತರ ಕಾದುಕೊಂಡು ಎದುರಾಳಿಯನ್ನು ತಡೆಯುತ್ತಾನೆ ಅಷ್ಟೆ. ಕಾಲು ಹಾಕುವ ಕ್ಷಣವನ್ನು ಆಡುವವರೇ ಆರಿಸಬೇಕು. ಅವಸರಪಟ್ಟರೆ ಎದುರಾಳಿ ಪಕ್ಕದಲ್ಲೇ ಜಾರಿಕೊಂಡು ಹೋಗುತ್ತಾನೆ. ಹಳಬರು ಮೊದಲ ವಾರಗಳಲ್ಲಿ ಗೋಲಿನ ಮೇಲೆ ಗೋಲು ತಿಂದದ್ದು ಇದರಿಂದಲೇ.

ಅದೇ ಆವೃತ್ತಿಯ ಇನ್ನೊಂದು ಹೊಸತು ‘ಪ್ಲೇಯರ್ ಇಂಪ್ಯಾಕ್ಟ್ ಎಂಜಿನ್’. ಮೊದಲೆಲ್ಲ ಇಬ್ಬರು ಡಿಕ್ಕಿಯಾದರೆ ಮುಂಚೆಯೇ ಸಿದ್ಧಪಡಿಸಿಟ್ಟ ಬೀಳುವ ದೃಶ್ಯ ಓಡುತ್ತಿತ್ತು. ಈಗ ತೂಕ, ವೇಗ, ತಾಗಿದ ಜಾಗವನ್ನು ಆಗಲೇ ಲೆಕ್ಕಹಾಕಿ ಬೀಳಿಸಲಾಗುತ್ತದೆ. ಆರಂಭದಲ್ಲಿ ಲೆಕ್ಕ ತಪ್ಪಿದಾಗ ಆಟಗಾರರು ಒಬ್ಬರಿಗೊಬ್ಬರು ತೊಡರಿಕೊಂಡು ಹೊರಳಾಡುತ್ತಿದ್ದರು. ಆ ವಿಡಿಯೊಗಳು ಯೂಟ್ಯೂಬ್‌ನಲ್ಲಿ ನಗೆಪಾಟಲಾದವು. ‘ಫಿಫಾ 13’ರಲ್ಲಿ ಯಾವ ಪಾಸ್ ಬಂದರೂ ಚೆಂಡು ಕಾಲಿಗೆ ಅಂಟಿಕೊಳ್ಳುವುದು ತಪ್ಪಿ, ರಭಸವಾಗಿ ಬಂದ ಚೆಂಡು ಪುಟಿದು ದೂರ ಹೋಗತೊಡಗಿತು.

2013ರಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗಾಗಿ ‘ಇಗ್ನೈಟ್’ ಎಂಜಿನ್ ಬಂತು. ‘ಫಿಫಾ 14’ರ ಕಂಪ್ಯೂಟರ್ ಆವೃತ್ತಿಗೆ ಅದನ್ನು ಕೊಡಲಿಲ್ಲ. ಬಹುಪಾಲು ಆಟಗಾರರ ಕಂಪ್ಯೂಟರ್‌ಗಳಿಗೆ ಆ ಶಕ್ತಿ ಇಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ಒಂದು ವರ್ಷ ಕಾದ ಮೇಲೆ ‘ಫಿಫಾ 15’ರಲ್ಲಿ ಅದು ಸಿಕ್ಕಿತು. 2015ರ ‘ಫಿಫಾ 16’ರಲ್ಲಿ ಮೊದಲ ಬಾರಿಗೆ ಮಹಿಳಾ ತಂಡಗಳು ಬಂದವು, 12 ರಾಷ್ಟ್ರಗಳವು. ‘ಫಿಫಾ 17’ರಲ್ಲಿ ‘ಫ್ರಾಸ್ಟ್‌ಬೈಟ್’ ಎಂಜಿನ್ ಜೊತೆಗೆ ಅಲೆಕ್ಸ್ ಹಂಟರ್ ಎಂಬ ಕಾಲ್ಪನಿಕ ಯುವಕನ ಕಥೆಯನ್ನು ಆಡುತ್ತ ಸಾಗುವ ‘ದ ಜರ್ನಿ’ ಬಂತು. ‘ಫಿಫಾ 20’ರಲ್ಲಿ ಬೀದಿ ಫುಟ್‌ಬಾಲಿನ ‘ವೋಲ್ಟಾ’ ಸೇರಿತು.

ಬೆಂಗಳೂರು ಎಫ್.ಸಿ. ಮತ್ತು ಭಾರತ

2013ರಲ್ಲಿ ಹುಟ್ಟಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು, 2018–19ರಲ್ಲಿ ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಯನ್ನೂ ಪಡೆದ ಬೆಂಗಳೂರು ಎಫ್.ಸಿ. 2021ರ ಅಕ್ಟೋಬರ್ 1ರಂದು ಬಿಡುಗಡೆಯಾದ ‘ಫಿಫಾ 22’ರ ಮೂಲಕ ಸರಣಿಯೊಳಗೆ ಬಂತು. ಲೀಗ್‌ನ 11 ತಂಡಗಳೂ ಅದರಲ್ಲಿದ್ದವು. ಸುನಿಲ್ ಛೆಟ್ರಿಯನ್ನು ನಾಯಕನಾಗಿಟ್ಟುಕೊಂಡು ಕರ್ನಾಟಕದ ತಂಡವೊಂದನ್ನು ರಿಯಲ್ ಮ್ಯಾಡ್ರಿಡ್ ಎದುರು ಆಡಿಸುವುದು ಸಾಧ್ಯವಾಯಿತು. ತಂಡದ ತವರಾದ ಕಂಠೀರವ ಕ್ರೀಡಾಂಗಣ ಮಾತ್ರ ಆಟದೊಳಗೆ ಬರಲಿಲ್ಲ. ತಂಡ ಯಾವ ಊರಿನದೂ ಅಲ್ಲದ ಕಾಲ್ಪನಿಕ ಮೈದಾನದಲ್ಲಿ ಆಡಬೇಕಾಯಿತು. ಇಂಗ್ಲಿಷ್, ಸ್ಪ್ಯಾನಿಷ್, ಅರಬ್ಬಿ ಮುಂತಾದ ಭಾಷೆಗಳಲ್ಲಿ ವೀಕ್ಷಕ ವಿವರಣೆ ಇರುವ ಈ ಆಟದಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿಲ್ಲ.

2021ರ ನವೆಂಬರ್‌ನಲ್ಲಿ ಸೂಪರ್ ಲೀಗ್‌ನ ಸಂಘಟಕರು ‘ಇ-ಐ.ಎಸ್.ಎಲ್.’ ಎಂಬ ಗೇಮಿಂಗ್ ಪಂದ್ಯಾವಳಿಯನ್ನು ಪ್ರಕಟಿಸಿದರು. 2022ರಲ್ಲಿ ಭಾರತ ಮೊದಲ ಬಾರಿಗೆ ‘ಫಿಫಾ-ಇ ನೇಷನ್ಸ್ ಕಪ್’ಗೆ ಅರ್ಹತೆ ಪಡೆದು ಕೋಪನ್‌ಹೇಗನ್‌ಗೆ ತಂಡ ಕಳುಹಿಸಿತು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಈ ಸರಣಿಯ ಆನ್‌ಲೈನ್ ಆಟ ಪದಕದ ಸ್ಪರ್ಧೆಯಾಗಿತ್ತು. ಚರಣ್‌ಜೋತ್ ಸಿಂಗ್ ಮತ್ತು ಕರ್ಮನ್ ಸಿಂಗ್ ಟಿಕ್ಕಾ ಭಾರತದಿಂದ ಆಡಿದರು.

ಹೈಪರ್‌ಮೋಷನ್ ಮತ್ತು ಹೆಸರು ಬದಲಾವಣೆ

ಬೆಂಗಳೂರು ಎಫ್.ಸಿ. ಬಂದ ‘ಫಿಫಾ 22’ರ ಮುಖ್ಯ ತಾಂತ್ರಿಕ ಬದಲಾವಣೆ ‘ಹೈಪರ್‌ಮೋಷನ್’. ಒಬ್ಬಿಬ್ಬರ ಚಲನೆಯ ಬದಲು 22 ಮಂದಿಗೆ ಸಂವೇದಕಗಳಿದ್ದ ಉಡುಪು ತೊಡಿಸಿ ಪೂರ್ತಿ ಪಂದ್ಯವನ್ನೇ ದಾಖಲಿಸಲಾಯಿತು. ಹೀಗೆ ಸಿಕ್ಕ 87 ಲಕ್ಷ ಫ್ರೇಮ್‌ಗಳನ್ನು ಕಲಿತ ಯಂತ್ರಬುದ್ಧಿ, ಆಟದ ಸನ್ನಿವೇಶಕ್ಕೆ ತಕ್ಕ ಚಲನೆಯನ್ನು ಆಗಲೇ ರೂಪಿಸುತ್ತದೆ. ಇದು ಸಿಕ್ಕಿದ್ದು ಪ್ಲೇಸ್ಟೇಷನ್ 5ರಂತಹ ಹೊಸ ಯಂತ್ರಗಳಿಗೆ. ಕಂಪ್ಯೂಟರ್‌ನವರು ಮತ್ತೊಮ್ಮೆ ಒಂದು ವರ್ಷ ಕಾದು ‘ಫಿಫಾ 23’ರಲ್ಲಿ ಪಡೆದರು. 2023ರ ಹೊಸ ಹೆಸರಿನ ಆವೃತ್ತಿಯಲ್ಲಿ ಉಡುಪಿನ ಹಂಗೂ ತಪ್ಪಿ, 180ಕ್ಕೂ ಹೆಚ್ಚು ನಿಜ ಪಂದ್ಯಗಳ ಚಿತ್ರೀಕರಣದಿಂದಲೇ ಚಲನೆಯ ಮಾಹಿತಿ ಪಡೆಯಲಾಯಿತು.

2022ರ ಮೇ 10ರಂದು ಇ.ಎ. ಮತ್ತು ಫಿಫಾ ಒಕ್ಕೂಟ ಬೇರೆಯಾಗುವುದಾಗಿ ಪ್ರಕಟಿಸಿದವು. ಹೆಸರಿನ ಹಕ್ಕಿಗೆ ಕೊಡಬೇಕಾದ ಹಣದಲ್ಲಿ ಒಮ್ಮತ ಮೂಡಲಿಲ್ಲ. ಲೀಗ್‌ಗಳು, ಕ್ಲಬ್‌ಗಳು, ಆಟಗಾರರ ಸಂಘದ ಜೊತೆ ಇ.ಎ.ಗೆ ಪ್ರತ್ಯೇಕ ಒಪ್ಪಂದಗಳಿದ್ದುದರಿಂದ ಹೆಸರು ಹೋದರೂ ತಂಡಗಳು ಉಳಿದವು. 2023ರ ಸೆಪ್ಟೆಂಬರ್ 29ರಂದು ‘ಎಫ್.ಸಿ. 24’ ಬಂತು. 2024ರ ಆವೃತ್ತಿ ಐವರ ತಂಡಗಳ ‘ರಶ್’ ಆಟವನ್ನು ಸೇರಿಸಿತು. 2016ರಿಂದ ಇದ್ದ ‘ಫಿಫಾ ಮೊಬೈಲ್’ ಕೂಡ ‘ಎಫ್.ಸಿ. ಮೊಬೈಲ್’ ಆಯಿತು. ಅಗ್ಗದ ಡೇಟಾ ಬಂದ ಮೇಲೆ ಭಾರತದ ಹಳ್ಳಿ-ಪೇಟೆಗಳಲ್ಲಿ ಸರಣಿ ಹೆಚ್ಚು ತಲುಪಿದ್ದು ಈ ಉಚಿತ ಮೊಬೈಲ್ ಆಟದ ಮೂಲಕ.

ಟೀಕೆಗಳು

ಸರಣಿಯ ಮೇಲಿನ ದೊಡ್ಡ ದೂರು, ಜೆರ್ಸಿ ಮತ್ತು ಆಟಗಾರರ ಪಟ್ಟಿ ಬದಲಿಸಿ ಹಳೆಯ ಆಟವನ್ನೇ ಪೂರ್ತಿ ಬೆಲೆಗೆ ಮಾರುತ್ತಾರೆ ಎಂಬುದು. ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ‘ಫಿಫಾ 20’ರಿಂದ ‘ಫಿಫಾ 23’ರವರೆಗೆ ಬಂದ ‘ಲೆಗಸಿ ಎಡಿಷನ್’ಗಳಲ್ಲಿ ಅದಕ್ಕಿಂತ ಹೆಚ್ಚಿನ ಬದಲಾವಣೆ ಇರಲಿಲ್ಲ. ಇನ್ನೊಂದು ದೂರು 2009ರಲ್ಲಿ ಶುರುವಾದ ‘ಅಲ್ಟಿಮೇಟ್ ಟೀಮ್’ ಕುರಿತದ್ದು. ಅದರಲ್ಲಿ ಹಣ ಕೊಟ್ಟು ಪ್ಯಾಕ್ ಕೊಂಡರೆ ಒಳಗೆ ಯಾವ ಆಟಗಾರ ಸಿಗುತ್ತಾನೆಂಬುದು ತೆರೆದ ಮೇಲಷ್ಟೇ ಗೊತ್ತಾಗುತ್ತದೆ. ಇದು ಜೂಜು ಎಂದು ಬೆಲ್ಜಿಯಂನ ಗೇಮಿಂಗ್ ಆಯೋಗ 2018ರಲ್ಲಿ ಹೇಳಿತು; 2019ರ ಜನವರಿ ಕೊನೆಗೆ ಆ ದೇಶದಲ್ಲಿ ಇದಕ್ಕೆ ಬೇಕಾದ ಪಾಯಿಂಟ್‌ಗಳ ಮಾರಾಟ ನಿಂತಿತು. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಪ್ರತ್ಯೇಕವಾಗಿ ಮಾನ್ಯ ಮಾಡಿದೆ.

ಒಟ್ಟು ಸಾಧನೆ

ಮೂವತ್ತು ವರ್ಷಗಳ ಆವೃತ್ತಿಗಳಲ್ಲಿ ಆಡುವ ರೀತಿಯನ್ನು ನಿಜಕ್ಕೂ ಬದಲಿಸಿದವು ಬೆರಳೆಣಿಕೆಯಷ್ಟು: ನಿಜವಾದ ಹೆಸರುಗಳನ್ನು ತಂದ 96, ಮೂರು ಆಯಾಮಕ್ಕೆ ಹೊರಳಿದ 97, ಎಲ್ಲ ದಿಕ್ಕುಗಳನ್ನು ತೆರೆದ 10, ರಕ್ಷಣಾ ಆಟವನ್ನು ಆಡುವವರ ಕೈಗೆ ಒಪ್ಪಿಸಿದ 12, ಪೂರ್ತಿ ಪಂದ್ಯದಿಂದ ಚಲನೆ ಕಲಿತ 22. ಉಳಿದ ವರ್ಷಗಳ ಕೆಲಸ ಬಹುಮಟ್ಟಿಗೆ ಇವುಗಳ ತಿದ್ದುಪಡಿ ಮತ್ತು ವಿಸ್ತರಣೆ. ಈ ಐದರಲ್ಲಿ ಕೊನೆಯ ಮೂರರ ಪೈಕಿ ಎರಡು, ಕಂಪ್ಯೂಟರ್‌ನಲ್ಲಿ ಆಡುವವರಿಗೆ ಸಿಕ್ಕಿದ್ದು ಒಂದು ವರ್ಷ ತಡವಾಗಿ.