ಪೇರೋಜ: ಕಲ್ಲಿನ ಹೆಸರು, ಸಿಂಹಾಸನದ ಬಣ್ಣ

ಘಣಸೋಲಿಯ ಬಟ್ಟೆ ಅಂಗಡಿಯಲ್ಲಿ 'ಫಿರೋಜಿ' ಬಣ್ಣದ ಸೀರೆ ಎಂದರೆ ಸಾಕು, ಅಂಗಡಿಯವನು ನೀಲಿ ಹಸಿರು ಬೆರೆತ ಸೀರೆಯನ್ನು ಹರಡುತ್ತಾನೆ. ಅದನ್ನೇ ಕನ್ನಡದಲ್ಲಿ ಹೇಳಹೊರಟರೆ ನಮ್ಮ ಮನೆಗಳಲ್ಲಿ ಒಬ್ಬರು ತಿಳಿನೀಲಿ ಎನ್ನುತ್ತಾರೆ, ಇನ್ನೊಬ್ಬರು ಸಮುದ್ರ ಹಸಿರು ಎನ್ನುತ್ತಾರೆ. ಇಂಗ್ಲಿಷಿನ ಟರ್ಕಾಯ್ಸ್ ಇದೇ. ಕೆಲವರು ಈ ಕಲ್ಲನ್ನು ವೈಡೂರ್ಯವೆಂದು ಕರೆಯುವುದುಂಟು, ಅದು ಸರಿಯಲ್ಲ. ನವರತ್ನಗಳಲ್ಲಿ ಕೇತುವಿಗೆ ಹೇಳಲಾದ ವೈಡೂರ್ಯವು ಬೆಕ್ಕಿನ ಕಣ್ಣಿನಂತೆ ಬೆಳಕಿನ ಗೆರೆ ತೋರುವ ಬೇರೆಯೇ ರತ್ನ. ನಮ್ಮ ಕಲ್ಲಿಗೆ ನವರತ್ನಗಳಲ್ಲಿ ಸ್ಥಾನವಿಲ್ಲ. ಸಂಸ್ಕೃತದಲ್ಲಿ ಅದಕ್ಕೆ 'ಪೇರೋಜ' ಎಂಬ ಹೆಸರಿದ್ದು, ಉಪರತ್ನವೆಂದು ಎಣಿಕೆಯಾಗಿದೆ.

ಆ ಹೆಸರು ಪಾರಸಿಯಿಂದ ಬಂದುದು. ವಿಜಯವನ್ನು ಸೂಚಿಸುವ ಪದಕ್ಕೆ ಸಂಬಂಧಿಸಿದುದು. ಇರಾನಿನ ನಿಶಾಪುರದ ಗಣಿಗಳು ಈ ಕಲ್ಲಿಗೆ ಶತಮಾನಗಳಿಂದ ಪ್ರಸಿದ್ಧ. ತುರ್ಕಿಯ ಮಾರ್ಗವಾಗಿ ಯುರೋಪನ್ನು ಸೇರಿದ್ದರಿಂದ ಫ್ರೆಂಚರು ಅದನ್ನು 'ತುರ್ಕಿಯ ಕಲ್ಲು' ಎಂದರು.

ಕನ್ನಡನಾಡಿಗೂ ಈ ಹೆಸರಿಗೂ ಹಳೆಯ ನಂಟಿದೆ. ಕಲಬುರ್ಗಿಯ ಬಹಮನಿ ಸುಲ್ತಾನರ ಸಿಂಹಾಸನಕ್ಕೆ 'ತಖ್ತ್-ಎ-ಫಿರೋಜಾ' ಎಂದು ಹೆಸರು. ಹದಿನಾಲ್ಕನೆಯ ಶತಮಾನದಲ್ಲಿ ವರಂಗಲ್ಲಿನ ಕಾಪಯ ನಾಯಕನಿಂದ ಒಂದನೆಯ ಮುಹಮ್ಮದ್ ಶಹನಿಗೆ ಅದು ಸಂದಿತು. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ, ಅದನ್ನು ಕಂಡ ಹಿರಿಯರಿಂದ ಕೇಳಿ ಬರೆದಿದ್ದಾನೆ: ಕರಿಮರದ ಚೌಕಟ್ಟು, ಸುಮಾರು ಒಂಬತ್ತು ಅಡಿ ಉದ್ದ, ಮೂರು ಅಡಿ ಅಗಲ, ಮೇಲೆ ಚಿನ್ನದ ತಗಡು, ರತ್ನಗಳು. ಹೆಸರು ಬಂದುದು ಕಲ್ಲಿನಿಂದಲ್ಲ, ಆಕಾಶನೀಲಿಯ ಮೀನಾಕಾರಿ ಕೆಲಸದಿಂದ. ಒಬ್ಬೊಬ್ಬ ಸುಲ್ತಾನನೂ ರತ್ನಗಳನ್ನು ಕೂಡಿಸುತ್ತ ಹೋದುದರಿಂದ ಕಡೆಗೆ ಆ ನೀಲಿಯೇ ಮುಚ್ಚಿಹೋಯಿತಂತೆ! ಮಹಮೂದ್ ಶಹನ ಕಾಲದಲ್ಲಿ (1482-1518) ಹೂದಾನಿ, ಬಟ್ಟಲುಗಳಿಗೆ ಹರಳು ಬೇಕೆಂದು ಅದನ್ನು ಬಿಚ್ಚಿದಾಗ ರತ್ನಪಡಿ ವ್ಯಾಪಾರಿಗಳು ಕಟ್ಟಿದ ಬೆಲೆ ಒಂದು ಕೋಟಿ ಹೊನ್ನು.

ಸಿಂಹಾಸನ ಹೋಯಿತು, ಬಣ್ಣ ಉಳಿದಿದೆ. ಗಿಲಾನಿನಿಂದ ಬಂದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಮುಂಗೋಡೆಯ ಹೊಳಪಿನ ಹೆಂಚುಗಳಲ್ಲಿ ಅದನ್ನು ಈಗಲೂ ಕಾಣಬಹುದು. ರಜೆಯಲ್ಲಿ ಊರಿಗೆ ಹೋಗುವವರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಸಾರ್ಥಕ.

ಇನ್ನು ಕಲ್ಲಿನ ಮಾತು. ಇದು ತಾಮ್ರ ಮತ್ತು ಅಲ್ಯೂಮಿನಿಯಂಗಳ ಜಲಯುಕ್ತ ಫಾಸ್ಫೇಟ್. ನೀಲಿ ಬಣ್ಣ ತಾಮ್ರದ್ದು. ಕಬ್ಬಿಣ ಬೆರೆತಷ್ಟೂ ಹಸಿರಿಗೆ ತಿರುಗುತ್ತದೆ. ಕಾಠಿಣ್ಯ 5ರಿಂದ 6 ಮಾತ್ರ. ಸೂಕ್ಷ್ಮರಂಧ್ರಗಳಿರುವುದರಿಂದ ಬೆವರು, ಎಣ್ಣೆ, ಅತ್ತರುಗಳನ್ನು ಹೀರಿ ಬಣ್ಣಗೆಡುತ್ತದೆ. ಎಣ್ಣೆಸ್ನಾನಕ್ಕೆ ಮೊದಲು ಉಂಗುರವನ್ನು ತೆಗೆದಿಡುವುದು ಲೇಸು. ಹೌಲೈಟ್ ಎಂಬ ಬಿಳಿಯ ಕಲ್ಲಿಗೆ ಬಣ್ಣ ಹಾಕಿ ಫಿರೋಜಾ ಎಂದು ಮಾರುವುದೂ ಉಂಟು. ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ದುಬಾರಿ ಹರಳಾದರೆ ರತ್ನಪರೀಕ್ಷಾಲಯದ ಪ್ರಮಾಣಪತ್ರವನ್ನು ಕೇಳಬೇಕು. ಬ್ಯಾಂಕಿನವನಾಗಿ ಮತ್ತೊಂದು ಮಾತು: ಚಿನ್ನದ ಸಾಲಕ್ಕೆ ಒಡವೆ ತೂಗುವಾಗ ಹರಳಿನ ತೂಕವನ್ನು ಕಳೆದೇ ಲೆಕ್ಕ ಹಾಕುತ್ತೇವೆ, ಅದು ಅಸಲಿ ನಿಶಾಪುರದ್ದಾದರೂ ಸರಿ.