ಜಾರಿಯ ತಾರೀಖಿಲ್ಲದ ಕಾಯ್ದೆ

ಒಂದು ಕಾನೂನು ಎಂದಿನಿಂದ ಜಾರಿಗೆ ಬಂತು ಎಂದು ತಿಳಿಯಲು ಸಾಮಾನ್ಯವಾಗಿ ಹೆಚ್ಚು ತಡಕಾಡಬೇಕಿಲ್ಲ. ಅಚ್ಚಾದ ಪ್ರತಿಯ ಮೊದಲ ಪುಟದ ಅಡಿಯಲ್ಲೇ ಅಧಿಸೂಚನೆಯ ಸಂಖ್ಯೆ, ತಾರೀಖು ಎರಡೂ ಇರುತ್ತವೆ. ಸರ್ಕಾರಿ ಕಚೇರಿಗಳೊಳಗಿನ ಭ್ರಷ್ಟಾಚಾರವನ್ನು ಬಯಲಿಗೆಳೆಯುವವರಿಗೆ ರಕ್ಷಣೆ ಕೊಡಲೆಂದು ಸಂಸತ್ತು ಮಾಡಿದ ವಿಸಲ್‌ಬ್ಲೋವರ್‌ಗಳ ರಕ್ಷಣಾ ಕಾಯ್ದೆ, 2014ರ ವಿಷಯದಲ್ಲಿ ನನಗೆ ಬೇಕಿದ್ದದ್ದು ಆ ತಾರೀಖು ಮಾತ್ರ. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2014ರ ಮೇ 9ರಂದು. ಕೇಂದ್ರ ಸರ್ಕಾರ ರಾಜ್ಯಪತ್ರದಲ್ಲಿ ಗೊತ್ತುಪಡಿಸಿದ ದಿನದಿಂದ ಕಾಯ್ದೆ ಜಾರಿಗೆ ಬರತಕ್ಕದ್ದು ಎನ್ನುತ್ತದೆ ಒಂದನೇ ಕಲಮು. ಆ ದಿನವನ್ನು ಹುಡುಕುತ್ತ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಅಧಿಸೂಚನೆಗಳನ್ನು ವರ್ಷದಿಂದ ವರ್ಷಕ್ಕೆ ಮಗುಚುತ್ತ ಬಂದೆ. ಸಿಗಲಿಲ್ಲ. ಹೊರಡಿಸಿದ್ದರೆ ತಾನೆ ಸಿಗುವುದು!

ಕಾಯ್ದೆಗಳನ್ನು ಕೊನೆಯಿಂದ ಓದುವುದು ನನ್ನ ಹಳೆಯ ಚಾಳಿ. ರದ್ದತಿಯ ಕಲಮು ಅಲ್ಲಿರುತ್ತದೆ; ಹೊಸ ಕಾನೂನು ಯಾವ ಹಳೆಯದರ ಜಾಗಕ್ಕೆ ಬಂತೆಂಬುದು ಗೊತ್ತಾಗುತ್ತದೆ. ಇಲ್ಲಿ 31ನೇ ಕಲಮು, ದೂರುದಾರರ ರಕ್ಷಣೆಗೆಂದೇ ಕೇಂದ್ರ ಸರ್ಕಾರ ಹೊರಡಿಸಿದ್ದ 2004ರ ಏಪ್ರಿಲ್ 21ರ ನಿರ್ಣಯವೊಂದನ್ನು ರದ್ದು ಮಾಡುತ್ತದೆ. ನಿರ್ಣಯದ ಕಡತ ಸಂಖ್ಯೆ 371/12/2002. ಕಚೇರಿ ಪದ್ಧತಿ ಬಲ್ಲವರಿಗೆ ಇದರಲ್ಲಿ ಕಣ್ಣಿಗೆ ಬೀಳುವುದು ಕೊನೆಯ ಅಂಕಿ: ಕಡತ ತೆರೆದ ವರ್ಷ.

ಈ ನಿರ್ಣಯ ಹುಟ್ಟಿದ್ದೇ ಸತ್ಯೇಂದ್ರ ದುಬೆಯವರ ಕೊಲೆಯಿಂದ ಎಂದು ಓದುತ್ತ ಬಂದವನು ನಾನು. ದುಬೆ ಐಐಟಿ ಕಾನ್ಪುರದಲ್ಲಿ ಓದಿದ ಸಿವಿಲ್ ಎಂಜಿನಿಯರ್. ಜಾರ್ಖಂಡದ ಕೊಡರ್ಮಾದಲ್ಲಿ ಸುವರ್ಣ ಚತುಷ್ಕೋನ ಹೆದ್ದಾರಿಯ ಕೆಲಸ ನೋಡಿಕೊಳ್ಳುತ್ತಿದ್ದರು. ಗುತ್ತಿಗೆಯಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ 2002ರ ನವೆಂಬರ್‌ನಲ್ಲಿ ನೇರವಾಗಿ ಪ್ರಧಾನಿಗೆ ಪತ್ರ ಬರೆದರು. ತನ್ನ ಪರಿಚಯವನ್ನು ಬೇರೆ ಹಾಳೆಯಲ್ಲಿ ಕೊಟ್ಟು, ಹೆಸರು ಗುಟ್ಟಾಗಿಡಿ ಎಂದು ಕೋರಿದ್ದರು. ಪತ್ರ ಪ್ರಧಾನಿ ಕಚೇರಿಯಿಂದ ಸಚಿವಾಲಯಕ್ಕೆ, ಅಲ್ಲಿಂದ ಹೆದ್ದಾರಿ ಪ್ರಾಧಿಕಾರಕ್ಕೆ ಇಳಿಯಿತು. ಹೆಸರೂ ಅದರ ಜೊತೆಯೇ ಇಳಿಯಿತು. 2003ರ ನವೆಂಬರ್ 27ರ ಬೆಳಗಿನ ಜಾವ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದು ದರೋಡೆಗಾಗಿ ನಡೆದ ಕೊಲೆ ಎಂದು ಸಿಬಿಐ ಹೇಳಿತು. 2010ರಲ್ಲಿ ಪಾಟ್ನಾದ ನ್ಯಾಯಾಲಯ ಮೂವರಿಗೆ ಶಿಕ್ಷೆ ಕೊಟ್ಟಿತು. ಕೊಲೆಗೆ ಕಾರಣ ಏನೇ ಇರಲಿ, ಹೆಸರು ಬಯಲಾದದ್ದು ಮಾತ್ರ ಕೊಲೆಗಾರರಿಂದಲ್ಲ, ಕಚೇರಿಗಳಿಂದ.

ಆದರೆ ಕಡತದ ಅಂಕಿ ಬೇರೆ ಕಥೆ ಹೇಳುತ್ತಿತ್ತು. 2002 ಎಂದರೆ ಕೊಲೆಗೂ ಮುಂಚೆ. ಹಿಂದಕ್ಕೆ ಹೋದಾಗ ಸಿಕ್ಕಿದ್ದು ಕಾನೂನು ಆಯೋಗದ 179ನೇ ವರದಿ. ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅಧ್ಯಕ್ಷತೆಯ ಆಯೋಗ 2001ರ ಡಿಸೆಂಬರ್‌ನಲ್ಲಿ ಅದನ್ನು ಸಲ್ಲಿಸಿತ್ತು. ಬರೀ ಉಪದೇಶವಲ್ಲ, ಮಾಹಿತಿ ಕೊಡುವವರ ರಕ್ಷಣೆಗೆ ಮಸೂದೆಯ ಕರಡನ್ನೇ ಲಗತ್ತಿಸಿ ಕೊಟ್ಟಿತ್ತು. ದುಬೆ ಪತ್ರ ಬರೆಯಲು ಕೂತಾಗ ಅವರ ಹೆಸರನ್ನು ಕಾಪಾಡಬಹುದಾಗಿದ್ದ ಕರಡಿಗೆ ಹೆಚ್ಚುಕಡಿಮೆ ವರ್ಷ ತುಂಬಿತ್ತು. ಕೊಲೆಯ ನಂತರ ಸುಪ್ರೀಂ ಕೋರ್ಟ್ ಕೇಳಿದ ಮೇಲೆ, ಕಾನೂನು ಬರುವವರೆಗೆ ಇರಲಿ ಎಂದು ಸರ್ಕಾರ ಆ ನಿರ್ಣಯ ಹೊರಡಿಸಿ ಇಂಥ ದೂರುಗಳನ್ನು ಪಡೆಯುವ ಜವಾಬ್ದಾರಿಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಿತು. ಕೊಲೆ ಕೆಲಸವನ್ನು ಚುರುಕಾಗಿಸಿತು, ನಿಜ. ಆರಂಭಿಸಿದ್ದು ಮಾತ್ರ ಅದಲ್ಲ.

ನಿರ್ಣಯ ಬಂದು ಎರಡು ವರ್ಷವೂ ಆಗಿರಲಿಲ್ಲ, ಮಂಜುನಾಥ್ ಷಣ್ಮುಗಂ ಸತ್ತರು. ಕೋಲಾರದ ಕೆಜಿಎಫ್‌ನವರು, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಐಐಎಂ ಲಖನೌದಲ್ಲಿ ಮ್ಯಾನೇಜ್‌ಮೆಂಟ್ ಓದಿ ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯ ಬಂಕುಗಳು ಅವರ ಉಸ್ತುವಾರಿಗೆ ಬಂದವು. ಪಡಿತರ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸುತ್ತಿದ್ದುದೇ ಅದು ಬಂಕಿನ ಟ್ಯಾಂಕಿಗೆ ಸೇರದಿರಲಿ ಎಂದು. ಸಬ್ಸಿಡಿಯಿಂದಾಗಿ ಸೀಮೆಎಣ್ಣೆಗೂ ಡೀಸೆಲ್‌ಗೂ ನಡುವೆ ಇದ್ದ ಬೆಲೆಯ ಅಂತರ ಎಷ್ಟು ದೊಡ್ಡದೆಂದರೆ, ಕಲಬೆರಕೆ ಮಾಡುವವನಿಗೆ ಪ್ರತಿ ಲೀಟರಿಗೂ ಲಾಭ. ಮಂಜುನಾಥ್ ಕಲಬೆರಕೆ ಹಿಡಿದು ಬಂಕುಗಳಿಗೆ ಸೀಲ್ ಹಾಕಿದರು. ಬಂಕು ಮತ್ತೆ ತೆರೆದ ಮೇಲೆ ಪರೀಕ್ಷೆಗೆಂದು ಹೋದವರನ್ನು 2005ರ ನವೆಂಬರ್ 19ರ ರಾತ್ರಿ ಗುಂಡಿಕ್ಕಿ ಕೊಂದರು. ಶವ ಸಿಕ್ಕಿದ್ದು ಅವರದೇ ಕಾರಿನ ಹಿಂದಿನ ಸೀಟಿನಲ್ಲಿ. ಬಂಕ್ ಮಾಲೀಕನ ಮಗನಿಗೆ ಸೆಷನ್ಸ್ ನ್ಯಾಯಾಲಯ 2007ರಲ್ಲಿ ಗಲ್ಲು ವಿಧಿಸಿತು, ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಇಲ್ಲಿ ಕಾನೂನಿನ ಕಲ್ಪನೆಯೇ ಕುಂಟುತ್ತದೆ ಎಂದು ನನಗನ್ನಿಸುತ್ತದೆ. ನಿರ್ಣಯವಾಗಲಿ, ಕಾಯ್ದೆಯಾಗಲಿ ಕಾಯುವುದು ದೂರು ಬರೆದವರನ್ನು. ಮಂಜುನಾಥ್‌ಗೆ ಮುಳುವಾದದ್ದು ಗುಟ್ಟಿನ ಪತ್ರವಲ್ಲ. ಕಂಪನಿ ಕೊಟ್ಟ ಅಧಿಕಾರದಿಂದಲೇ, ಎಲ್ಲರ ಕಣ್ಣೆದುರು ಹಾಕಿದ ಸೀಲು. ನಿಷ್ಠೆಯಿಂದ ಡ್ಯೂಟಿ ಮಾಡುವ ತನಿಖಾಧಿಕಾರಿ, ಲೆಕ್ಕಪರಿಶೋಧಕ, ಇನ್‌ಸ್ಪೆಕ್ಟರ್ ಯಾರೂ ಆ ಕಾಗದದಲ್ಲಿ ಸರಿಯಾಗಿ ಕಾಣುವುದಿಲ್ಲ.

ಮತ್ತೆ ಸಂಸತ್ತಿನ ಜಾಡು. ಮಸೂದೆ ಲೋಕಸಭೆಗೆ ಬಂದದ್ದು 2010ರ ಆಗಸ್ಟ್‌ನಲ್ಲಿ. 2011ರ ಡಿಸೆಂಬರ್ 27ರಂದು ಲೋಕಪಾಲ ಮಸೂದೆಯೂ ಇದೂ ಒಂದೇ ದಿನ ಅಲ್ಲಿ ಪಾಸಾದವು. ಆಮೇಲಿನ ಹಣೆಬರಹ ನೋಡಿ: ಲೋಕಪಾಲ ಕಾಯ್ದೆಗೆ 2014ರ ಜನವರಿ 1ರಂದು ಅಂಕಿತ ಸಿಕ್ಕಿತು, ಅದೇ ತಿಂಗಳ 16ಕ್ಕೆ ಜಾರಿಯ ಅಧಿಸೂಚನೆ ಬಂತು. ವಿಸಲ್‌ಬ್ಲೋವರ್ ಮಸೂದೆ ರಾಜ್ಯಸಭೆ ದಾಟಿದ್ದು ಫೆಬ್ರವರಿ 21ಕ್ಕೆ, ಚುನಾವಣೆಗೆ ಮುಂಚಿನ ಕೊನೆಯ ಕಲಾಪದ ದಿನ. ಸರ್ಕಾರ ಬದಲಾಯಿತು. ಹೊಸ ಸರ್ಕಾರ ಜಾರಿಗೆ ಮೊದಲೇ ತಿದ್ದುಪಡಿ ಬೇಕೆಂದಿತು. 2015ರ ಮೇ 11ರಂದು ಮಂಡಿಸಿದ ತಿದ್ದುಪಡಿ 13ಕ್ಕೆ ಲೋಕಸಭೆಯಲ್ಲಿ ಪಾಸಾಯಿತು. ಮಾಹಿತಿ ಹಕ್ಕು ಕಾಯ್ದೆಯ ವಿನಾಯಿತಿಗಳನ್ನು ಹೋಲುವ ಹತ್ತು ಬಗೆಯ ಮಾಹಿತಿಯನ್ನು ದೂರಿನಲ್ಲಿ ಕೊಡಕೂಡದು ಎಂದದ್ದಲ್ಲದೆ, ಅಧಿಕೃತ ರಹಸ್ಯ ಕಾಯ್ದೆಯಿಂದ ದೂರುದಾರರಿಗಿದ್ದ ರಕ್ಷಣೆಯನ್ನೂ ಅದು ತೆಗೆಯಹೊರಟಿತ್ತು. ರಾಜ್ಯಸಭೆಯಲ್ಲಿ ಕೂತಲ್ಲೇ ಕೂತು, 2019ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ತಿದ್ದುಪಡಿ ಸತ್ತರೂ ಮೂಲ ಕಾಯ್ದೆಗೆ ಜೀವ ಬರಲಿಲ್ಲ.

ಹಾಗೆಂದು ಕಾಯ್ದೆ ಕಳಪೆಯಲ್ಲ. ದೂರು ಕೊಟ್ಟವರನ್ನು ಎತ್ತಂಗಡಿ ಮಾಡಿದರೆ, ಅದು ಸೇಡಲ್ಲ ಎಂದು ರುಜುವಾತು ಮಾಡುವ ಹೊಣೆ ಇಲಾಖೆಯದು. ಹೆಸರು ಬಯಲು ಮಾಡಿದ ಅಧಿಕಾರಿಗೆ 3 ವರ್ಷದವರೆಗೆ ಸೆರೆ, 50,000 ರೂಪಾಯಿವರೆಗೆ ದಂಡ. ಬೇಕೆಂದೇ ಸುಳ್ಳು ದೂರು ಕೊಟ್ಟವರಿಗೂ 2 ವರ್ಷದವರೆಗೆ ಸೆರೆಯುಂಟು. ಖಾಸಗಿ ಕಂಪನಿಗಳೊಳಗಿನ ಅಕ್ರಮ ಇದರ ಹೊರಗೆ. ಷೇರುಪೇಟೆಯಲ್ಲಿರುವ ಕಂಪನಿಗಳೂ ಇನ್ನು ಕೆಲವೂ ದೂರಿನ ವ್ಯವಸ್ಥೆ ಇಟ್ಟುಕೊಳ್ಳಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ, ಅಷ್ಟೇ.

ರಾಜ್ಯ ಸರ್ಕಾರಿ ನೌಕರರಿಗೂ ಅನ್ವಯಿಸುವಂತೆ ಬರೆದಿರುವುದು ಈ ಕಾಯ್ದೆಯ ದೊಡ್ಡ ಗುಣ. 2004ರ ನಿರ್ಣಯದಲ್ಲಿ ಅವರಿಗೆ ಜಾಗವೇ ಇಲ್ಲ. ಕರ್ನಾಟಕದ ಸಹಕಾರ ಇಲಾಖೆಯ ಲೆಕ್ಕಪರಿಶೋಧನಾ ವಿಭಾಗದ ಉಪನಿರ್ದೇಶಕ ಎಸ್.ಪಿ. ಮಹಾಂತೇಶ್ ಗೃಹ ನಿರ್ಮಾಣ ಸಂಘಗಳ ನಿವೇಶನ ಹಂಚಿಕೆಯ ಅಕ್ರಮಗಳನ್ನು ಬಯಲಿಗೆಳೆದಿದ್ದವರು. 2012ರ ಮೇ ತಿಂಗಳಲ್ಲಿ ಬೆಂಗಳೂರಿನ ನಡುಮಧ್ಯೆ ಹಲ್ಲೆಗೊಳಗಾಗಿ, ಐದು ದಿನಗಳ ನಂತರ ತೀರಿಕೊಂಡರು. ಮಸೂದೆ ಆಗ ರಾಜ್ಯಸಭೆಯಲ್ಲಿ ಸರದಿ ಕಾಯುತ್ತಿತ್ತು.

ಕಾಯ್ದೆಯೇ ಜಾರಿಗೆ ಬಾರದಿರುವಾಗ ಅದರೊಳಗಿನ ರದ್ದತಿಯೂ ಜಾರಿಯಾಗಿಲ್ಲ. ಆದ್ದರಿಂದ ಕೇಂದ್ರ ಸರ್ಕಾರದ ಕಚೇರಿ, ಉದ್ದಿಮೆ, ರಾಷ್ಟ್ರೀಕೃತ ಬ್ಯಾಂಕಿನ ಅಕ್ರಮ ಕಂಡವರು ಕಾಯ್ದೆಯನ್ನು ನೆಚ್ಚಿ ಕೂರಬೇಡಿ, 2004ರ ನಿರ್ಣಯವನ್ನೇ ಬಳಸಿ. ದೂರನ್ನು ಮುಚ್ಚಿದ ಲಕೋಟೆಯಲ್ಲಿಟ್ಟು, ಮೇಲೆ ಪಬ್ಲಿಕ್ ಇಂಟರೆಸ್ಟ್ ಡಿಸ್‌ಕ್ಲೋಷರ್ ಅಡಿಯ ದೂರು ಎಂದು ನಮೂದಿಸಿ ದೆಹಲಿಯ ಸತರ್ಕತಾ ಭವನದಲ್ಲಿರುವ ಕೇಂದ್ರ ಜಾಗೃತ ಆಯೋಗಕ್ಕೆ ಕಳಿಸಿ. ಹೆಸರು, ವಿಳಾಸ ಒಳಗಿನ ಪತ್ರದಲ್ಲಿರಲಿ, ಲಕೋಟೆಯ ಮೇಲೆ ಬೇಡ. ಇಂಥ ಲಕೋಟೆಗಳಿಗೆ ಕಳುಹಿಸುವವರ ಹೆಸರು ಕೇಳಬಾರದೆಂದು ಅಂಚೆ ಕಚೇರಿಗಳಿಗೆ ಸೂಚನೆಯಿದೆ. ಸ್ವೀಕೃತಿ ಪತ್ರ ಬರುವುದಿಲ್ಲ. ಮತ್ತೆ ಮತ್ತೆ ಬರೆದು ವಿಚಾರಿಸಲೂ ಹೋಗಬೇಡಿ, ಹೆಸರು ಹೊರಬೀಳದಿರಲೆಂದೇ ಆಯೋಗ ಹಾಗೆ ಮಾಡುತ್ತದೆ. ನೀವು ಕಂಡ ಅಕ್ರಮ ರಾಜ್ಯ ಸರ್ಕಾರದ್ದಾದರೆ ಈ ಲಕೋಟೆ ನಿಮಗಲ್ಲ.